ಹುಣಸೆ ಮರದ ನೆರಳಿನ ಕನಕಾಂಬರ

ಹುಣಸೆ ಮರದ ಕೆಳಗೆ ಹೂವಿನ ಗಿಡ ಮಾಡೋಕೆ ಹೊರಟವರ ಮನೇಲಿ ಬೇರೇನು ಬೆಳೀದಿದ್ದರೂ ನಗು ಬೆಳೀತದೆ. ಗಾವಡಗೆರೆಯ ನಮ್ಮ ಹಿತ್ತಿಲು ಪೂರಾ ಒಂದೇ ಹುಣಸೆ ಮರದ ನೆರಳು. ಅಲ್ಲೇ ಹೂವು ಬೇಕು ಅಂತ ನನ್ನ ಹೆಂಡತಿಯ ಹಟ. ಹೋದ ಕಾರ್ತಿಕದಲ್ಲಿ ಅವಳು ಹೋದಳು. ಹಟ ಇಲ್ಲೇ ಅದೆ.

೧. ಸೇವಂತಿಗೆ

ಮೊದಲು ಸೇವಂತಿಗೆ ನೆಟ್ಟಳು. ಬಿಸಿಲು ಕಾಣದೆ ಸೊರಗಿ ಹೋದವು. ಪಕ್ಕದ ಮನೆ ಅಜ್ಜಿ ಬಂದು, ಮರದಲ್ಲಿ ಹೆಣ್ಣು ದೆವ್ವ ಅದೆ, ಅದರದೇ ಕೆಲಸ ಅಂದರು.

"ಹೆಣ್ಣು ಅಂದಮೇಲೆ ಹೂವಿನ ಆಸೆ ಇರ್ತದೆ ಬುಡಜ್ಜಿ. ಅದಕ್ಕೂ ಸೇರಿಸಿ ಇನ್ನೊಂದು ಸಾಲು ನೆಡ್ತೀನಿ" ಅಂದಳು.

ಅಜ್ಜಿ ಒಂದು ಸಲ ಮರದ ಕಡೆ ನೋಡಿದರು. ಆಮೇಲೆ, ದೆವ್ವಕ್ಕೆ ಕೊಡೋಕೆ ಮುಂಚೆ ನನಗೊಂದು ಮೊಳ ಕೊಡವ್ವ ಅಂದರು.

೨. ಹುಡುಕಾಟ

ನೆರಳಲ್ಲಿ ಯಾವ ಗಿಡ ಬದುಕ್ತದೆ ಅಂತ ಅವಳು ಯಾರನ್ನೂ ಕೇಳಲಿಲ್ಲ. ಹುಣಸೂರು ರಸ್ತೆಯ ಸಾಲುಮರಗಳ ಬುಡ ಬಗ್ಗಿ ಬಗ್ಗಿ ನೋಡುತ್ತಾ ನಡೆದಳು. ಹಿಂದೆ ನಾನು. ದಾರಿಯವರು ಓಲೆ ಕಳೆದುಹೋಗಿದೆ ಅಂದುಕೊಂಡು, ಗಾಡಿ ನಿಲ್ಲಿಸಿ, ಇಳಿದು ಅವರೂ ಬಗ್ಗಿದರು. ಅಮಲ್ದಾರರ ಕಚೇರಿಯ ಜವಾನ, ಡಲಾಯತನೂ ಬಗ್ಗಿದ. ಕೊನೆಗೆ ಒಬ್ಬ, ಎಂಥ ಓಲೆ ತಾಯಿ ಅಂತ ಕೇಳಿದ. ಓಲೆ ಕಿವಿಯಲ್ಲೇ ಅದೆ, ನಾನು ನೋಡ್ತಿರೋದು ಗಿಡವ ಅಂದಳು.

ಅಷ್ಟರಲ್ಲಿ ಒಂದು ಬುಡದಲ್ಲಿ ತಾನಾಗೇ ಹುಟ್ಟಿ ಹೂಬಿಟ್ಟ ಕನಕಾಂಬರ ಅವಳಿಗೆ ಸಿಕ್ಕಿತ್ತು. ಡಲಾಯತನಿಗೆ ಯಾವತ್ತೋ ಕಳಕೊಂಡ ನಶ್ಯದ ಡಬ್ಬಿ ಸಿಕ್ಕಿತು. ಅವಳಿಗೆ ಕೈಮುಗಿದು ಹೋದ.

೩. ಕಲ್ಲು

ತಂದು ನೆಟ್ಟ ಕನಕಾಂಬರ ಹತ್ತಿತು. ಆದರೆ ಸಂಕ್ರಾಂತಿ ಕಳೆದರೆ ಹುಣಸೆಹಣ್ಣು ಬಡಿಯೋ ಕಾಲ. ಮರದ ಫಸಲು ಗುತ್ತಿಗೆ ಹಿಡಿದಿದ್ದ ಹುಣಸೂರಿನ ಸಾಹೇಬರ ಆಳುಗಳು ಗಳ ಹಿಡಿದು ಬಂದರೆ ಗಿಡವೆಲ್ಲ ತುಳಿದು ನೆಲಸಮ. ಇವಳು ಬಟ್ಟೆ ಒಗೆಯೋ ಕಲ್ಲನ್ನು ಗಿಡಗಳ ನಡುವೆ ಉರುಳಿಸಿ, ಅರಿಶಿನ ಕುಂಕುಮ ಇಟ್ಟು, ದೇವರು ಅಂದಳು. ಆಳುಗಳು ಎಕ್ಕಡ ಬಿಟ್ಟು, ಸುತ್ತಿ ಹೋಗಿ ಬಡಿದರು. ಒಂದು ಗಿಡವೂ ಮುರೀಲಿಲ್ಲ.

ಆವತ್ತಿಂದ ನಮ್ಮ ಬಟ್ಟೆ ಕೆರೆಗೆ ಹೊರೋದು ನನ್ನ ಪಾಲಿಗೆ ಬಂತು.

೪. ಈ ವರ್ಷ

ಅವಳಿಲ್ಲದ ಮೊದಲ ಫಸಲು. ಆ ಗಿಡ ಉಳೀಲಿ, ಅಷ್ಟೇ ನನಗೆ. ಅವಳ ಬಾಯಿ ನನಗಿಲ್ಲ. ಸಾಹೇಬರು ಬಂದವರೇ ತಾವು ಚಪ್ಪಲಿ ಬಿಟ್ಟು, ಕಲ್ಲ ಸುತ್ತಿ ಹೋಗಿ ಅಂತ ಆಳುಗಳಿಗೆ ಹೇಳಿದರು. ನನಗೆ ಸುಮ್ಮನಿರೋಕೆ ಆಗಲಿಲ್ಲ. ಸಾಹೇಬ್ರೇ, ಅದು ಬಟ್ಟೆ ಒಗೆಯೋ ಕಲ್ಲು ಅಂದೆ.

"ಗೊತ್ತು ಕಣ್ರೀ ಗೌಡ್ರೇ. ಆಯಮ್ಮ ಅದರ ಮೇಲೆ ಒಗೀತಿದ್ದದ್ದ ನಾನೇ ಕಂಡಿವ್ನಿ. ಆದ್ರೆ ಆಯಮ್ಮ ದೇವರು ಅಂದಮೇಲೆ, ಅಲ್ಲ ಅನ್ನೋ ಧೈರ್ಯ ನನಗೆ ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ನಿಮ್ಗೆ ಅದಾ?"

ನನಗೂ ಇರಲಿಲ್ಲ. ಎಕ್ಕಡ ಬಿಟ್ಟು, ಸುತ್ತಿಕೊಂಡೇ ಹೋಗಿ ಗಿಡಕ್ಕೆ ನೀರು ಹಾಕಿದೆ.