ಸಾಲಿ ಅಂಗಳದ ಹಗೇವು

ರೈತರು ಬೆಳೆದ ಕಾಳನ್ನು ಹೇಗೆ ಕಾಪಾಡಿ ಇಡುತ್ತಾರೆ ಎಂಬ ಪಾಠ ಹೇಳಲು ಇಡೀ ಮೂಡಲಗಿ ತಾಲೂಕಿನಲ್ಲಿ ನನಗಿಂತ ಯೋಗ್ಯ ಮಾಸ್ತರ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಿತ್ತು. ಬೇರೆಯವರು ಪುಸ್ತಕದ ಚಿತ್ರ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಕುಲಗೋಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಅಜ್ಜನ ತೊಡೆಯ ಮೇಲೆ ಕೂತು ಹಗೇವಿನ ಕಥೆ ಕೇಳಿ ಬೆಳೆದವನು. ಹಗೇವು ಅಂದರೆ ನೆಲದಾಗ ತೋಡಿದ ಕಾಳಿನ ಗುಂಡಿ. ಅದರಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲವಂತೆ. ಮಕ್ಕಳಿಗೆ ಇದನ್ನು ನಾನಲ್ಲದೆ ಯಾರು ಕಲಿಸಬೇಕು?

"ಸಾಲಿ ಅಂಗಳದಾಗ ಒಂದು ಸಣ್ಣ ಹಗೇವು ಮಾಡಿ ತೋರಸ್ತೇನ್ರಿ," ಎಂದು ಹೆಡ್‌ಮಾಸ್ತರರಿಗೆ ಹೇಳಿದೆ.

"ತೋರಸ್ರಿ. ಆದ್ರ ಅದರಾಗ ಯಾರೂ ಬೀಳಬಾರದು ನೋಡ್ರಿ," ಎಂದರು ಅವರು.

ಮಕ್ಕಳು ಬೀಳಲಿಲ್ಲ. ಬಿದ್ದವನು ನಾನೊಬ್ಬನೇ, ಅದೂ ಬೇರೆ ಥರ.

ಮನೆಗೆ ಬಂದು ಅವ್ವನನ್ನು ಕೇಳಿದೆ, "ಯವ್ವಾ, ಅಜ್ಜ ಹಗೇವು ಹೆಂಗ ಮಾಡತಿದ್ದ?"

ಅವ್ವ ಎಲೆ ಅಡಿಕೆ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದಳು. ಗುಂಡಿಯೊಳಗೆ ಬೆಂಕಿ ಹಾಕಿ ಗೋಡೆ ಒಣಗಿಸಬೇಕು, ಸುತ್ತ ಕಣಕಿ, ಅಂದರೆ ಜೋಳದ ಒಣ ದಂಟು, ನಿಲ್ಲಿಸಬೇಕು, ತಳಕ್ಕೆ ಹೊಟ್ಟು ಹಾಸಬೇಕು, ಬಾಯಿಗೆ ಚಪ್ಪಟೆ ಪರಸಿಕಲ್ಲು ಮುಚ್ಚಿ ಮಣ್ಣು ಮೆತ್ತಬೇಕು. "ಆದ್ರ ತಮ್ಮಾ..." ಎಂದು ಇನ್ನೇನೋ ಶುರು ಮಾಡಿದಳು.

"ಸಾಕ ಬಿಡವಾ, ತಿಳೀತು!" ಎಂದು ನಾನು ಎದ್ದೆ. ತಿಳಿದವರ ಲಕ್ಷಣವೇ ಅದು. ಬೇಗ ಏಳುತ್ತಾರೆ.

ಇನ್ನು ಜೋಳ ಬೇಕು. ಹೆಂಡತಿ ಮಹಾದೇವಿ ತಗಡಿನ ಡಬ್ಬಿಯಲ್ಲಿ ಬೂದಿ, ಬೇವಿನ ತಪ್ಪಲ ಹಾಕಿ ಇಟ್ಟಿದ್ದ ಜೋಳದ ಮೇಲೆ ನನ್ನ ಕಣ್ಣು ಬಿತ್ತು.

"ಅದನ್ನ ಮುಟ್ಟಬ್ಯಾಡ್ರಿ! ಹಿಂಗಾರಿಗೆ ಬಿತ್ತೂ ಬೀಜ ಐತಿ. ತವರುಮನಿ ಕಣಗಲಾದಾಗ ನಮ್ಮಪ್ಪ ಒಂದೊಂದ ತೆನಿ ಆರಿಸಿ ಕೊಟ್ಟಾನ. ತಿನ್ನೂ ಜೋಳ ಒಯ್ರಿ."

"ತಿನ್ನೂದಕ್ಕ ನುಸಿ ಹತ್ತೇತಿ. ನುಸಿ ಹತ್ತಿದ್ದು ತೋರಿಸಿದ್ರ ಹುಡುಗರ ಮುಂದ ನನ್ನ ಮರ್ಯಾದಿ ಏನಾಗಬೇಕು?"

"ಬೀಜ ಕೆಟ್ರ ಹೊಲದಾಗ ನಿಮ್ಮ ಮರ್ಯಾದಿ ಬಿತ್ತೂನೇನು?"

"ಹುಚ್ಚಿ, ಹಗೇವಿನಾಗ ಇಟ್ಟದ್ದು ಕೆಡತೈತೇನ? ನಿನ್ನ ಡಬ್ಬಿಗಿಂತ ಭದ್ರ ಇರತೈತಿ. ಕಾಳಿಗೆ ಕಾಳು ವಾಪಸ್ ತಂದ ಕೊಡತೇನಿ!"

ಹೀಗೆ ಘನಗಂಭೀರ ವಚನ ಕೊಟ್ಟು ಡಬ್ಬಿ ಬರಿದು ಮಾಡಿದೆ.

ಶಾಲೆಯ ಹಿಂದಿನ ಅಂಗಳದಲ್ಲಿ, ಕಾಲುವೆಯ ಬಾಜೂ, ತಂಪು ಜಾಗ ನೋಡಿ ಗುಂಡಿ ತೋಡಿಸಿದೆ. ಅವ್ವ ಹೇಳಿದಂತೆ ಒಣಗಿಸಿ, ಕಣಕಿ ನಿಲ್ಲಿಸಿ, ಜೋಳ ಸುರಿದು ಬಾಯಿ ಮುಚ್ಚಿದೆ. ಮಳೆ ಬಂದರೆ ಇರಲಿ ಎಂದು ಮೇಲೆ ತಗಡು ಬೇರೆ ಹೊದಿಸಿದೆ. ನೀರು ಮೇಲಿನಿಂದ ಮಾತ್ರ ಬರುತ್ತದೆ ಎಂಬುದು ಆಗಿನ ನನ್ನ ವಿಜ್ಞಾನ.

ಅದೇ ವಾರ ಹಿಡಕಲ್ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರು. ಊರೆಲ್ಲ ಖುಷಿಪಟ್ಟಿತು. ನಾನೂ ಖುಷಿಪಟ್ಟೆ!

ಕೆಲವು ವಾರ ಕಳೆದ ಮೇಲೆ ಹಗೇವು ತೆರೆಯುವ ಮಹಾಸಮಾರಂಭ. ಪಾಲಕರನ್ನು ಕರೆದೆ. ಅವ್ವನನ್ನೂ ಮಹಾದೇವಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ. "ನಮ್ಮ ಹಿರಿಯರ ಜ್ಞಾನಭಂಡಾರ ಈಗ ನಿಮ್ಮೆದುರು ತೆರೆದುಕೊಳ್ಳಲಿದೆ," ಎಂದು ಭಾಷಣ ಬಿಗಿದು ಕಲ್ಲು ಸರಿಸಿದೆ.

ಮೊದಲು ವಾಸನೆ ತೆರೆದುಕೊಂಡಿತು. ಮುಂದಿನ ಸಾಲು ಹಿಂದಿನ ಸಾಲಾಯಿತು. ಬಗ್ಗಿ ನೋಡಿದರೆ ತಳದಲ್ಲಿ ಅಂಬಲಿ, ಮೇಲೆ ಬೆಳ್ಳಗೆ ಬೆರಳುದ್ದ ಮೊಳಕೆ!

"ಸರ್ರೀ, ಬೆಳಿ ಬಂದೇತ್ರಿ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಹೆಡ್‌ಮಾಸ್ತರರು ಮೂಗು ಮುಚ್ಚಿಕೊಂಡೇ ಹೇಳಿದರು, "ಮಾಸ್ತರ, ಇವತ್ತ ಕಾಳು ಇಡೂ ಪಾಠ ಅದ. ಬಿತ್ತೂ ಪಾಠ ಮುಂದಿನ ತಿಂಗಳರಿ."

ನಾನು ಅವ್ವನ ಕಡೆ ನೋಡಿದೆ. "ನೀ ಹೇಳಿದಂಗ ಮಾಡೇನಲ್ಲ ಯವ್ವಾ!"

"ಹೆಂಗ ಮಾಡತಿದ್ರು ಅಂತ ಕೇಳಿದಿ, ಹೇಳಿದೆ. ಯಾಕ ಬಿಟ್ರು ಅಂತ ಕೇಳಾಕ ನಿನಗ ಎಲ್ಲಿ ಪುರಸೊತ್ತಿತ್ತು? ಕಾಲುವಿ ಬಂದ ಮ್ಯಾಲೆ ನೆಲದಾಗ ತೇವ ಏರಿ, ನಿಮ್ಮಜ್ಜನ ಜೋಳಾನೂ ಹಿಂಗ ಮೊಳಿತು. ಅವತ್ತ ಹಗೇವ ಮುಚ್ಚಿಸಿದ."

ಅಂದರೆ ಅಜ್ಜ ನನಗೆ ಅರ್ಧ ಕಥೆ ಹೇಳಿದ್ದ. ಅಥವಾ ಉಳಿದರ್ಧಕ್ಕೆ ನಾನು ತೊಡೆಯಿಂದ ಇಳಿದು ಓಡಿಹೋಗಿದ್ದೆ. ಎರಡನೆಯದೇ ಇರಬೇಕು.

ಮಹಾದೇವಿ ಗುಂಡಿಯ ಬಳಿ ಕೂತು ಒಳ್ಳೆಯ ಕಾಳು ಒಂದಾದರೂ ಉಳಿದಿದೆಯೇ ಎಂದು ಕೆದಕತೊಡಗಿದಳು. ಹೇಗಾದರೂ ಸಮಾಧಾನ ಮಾಡೋಣವೆಂದು, "ಹಾಳಾಗೂದು ಬ್ಯಾಡ, ಮೊಳಕಿ ಎಮ್ಮಿಗೆ ಹಾಕೂನೇನ?" ಎಂದೆ.

"ಎಳೀ ಜೋಳದಾಗ ನಂಜು ಇರತೈತಿ, ತಿಂದ್ರ ದನ ಸಾಯ್ತಾವು ಅನ್ನೂದೂ ಗೊತ್ತಿಲ್ಲೇನ್ರಿ ನಿಮಗ? ಬೀಜ ಹೋತು, ಎಮ್ಮಿಯಾರ ಇರಲಿ ಬಿಡ್ರಿ!"

ಮರುದಿನವೇ ಅವಳು ಕಣಗಲಾಕ್ಕೆ ಹೋದಳು. ಮಾವನವರು ತಮಗಾಗಿ ಇಟ್ಟುಕೊಂಡಿದ್ದ ಬೀಜದಲ್ಲೇ ಪಾಲು ಕೊಟ್ಟು, "ಅಳಿಯಂದ್ರಿಗೆ ನಮಸ್ಕಾರ ಹೇಳು, ಸಲಿಕಿ ಮುಚ್ಚಿಡು," ಎಂದು ಹೇಳಿ ಕಳಿಸಿದರಂತೆ. ಹಿಂಗಾರಿ ಬಿತ್ತನೆ ಉಳಿಯಿತು. ಅಳಿಯತನ ಉಳಿಯಿತೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

ಪಾಠ ಮಾತ್ರ ಬಾಕಿ ಇತ್ತು. ಹೆಡ್‌ಮಾಸ್ತರರು ನನ್ನನ್ನು ಕೇಳದೆ ಮಹಾದೇವಿಯನ್ನೇ ಕರೆಸಿದರು. ಅವಳು ಡಬ್ಬಿ ಹೊತ್ತು ತಂದಳು. ಕಾಳನ್ನು ಹಲ್ಲಲ್ಲಿ ಕಡಿದು ಕಟ್ ಎಂದರೆ ಒಣಗಿದೆ ಎಂದು ತೋರಿಸಿದಳು. ಬೂದಿ ಬೆರೆಸಿದಳು, ಬೇವಿನ ತಪ್ಪಲ ಇಟ್ಟಳು, ಮುಚ್ಚಳ ಹಾಕಿ ಸಂದಿಗೆ ಸಗಣಿ ಮೆತ್ತಿದಳು. ಮಕ್ಕಳು ಬಾಯಿ ಬಿಟ್ಟು ನೋಡಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ.

ಕೊನೆಗೆ ಒಬ್ಬ ಹುಡುಗಿ ಎದ್ದು ಕೇಳಿದಳು, "ಅಕ್ಕಾರ, ಈ ಡಬ್ಬಿ ಎಲ್ಲಿ ಇಡಬೇಕ್ರಿ?"

"ಇಲಿಗೆ, ನೀರಿಗೆ, ಮಾಸ್ತರಗೆ ಸಿಗದಂಥಾ ಜಾಗಾದಾಗ."

ಮಕ್ಕಳೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡರು. ನಾನೂ ಬರೆದುಕೊಂಡೆ.