ಗಾಳಿಚೀಲ ಒಗೆದ ದಿನ

ಪಕ್ಕದ ಮನೆಯ ಅಕ್ಕ ಗಾಳಿಚೀಲ ಒಗೆದದ್ದು ಒಳ್ಳೆಯ ಮನಸ್ಸಿನಿಂದಲೇ. ಅದರಲ್ಲಿ ಎರಡು ಮಾತಿಲ್ಲ.

ವಿಮಾನಪಟ್ಟಿಯ ಮೇಲ್ವಿಚಾರಕ ಬೆಳಿಗ್ಗೆ ಎದ್ದು ನೋಡುತ್ತಾನೆ, ಕಂಬ ಬೋಳಾಗಿದೆ! ಗಾಳಿ ಎತ್ತ ಬೀಸುತ್ತಿದೆಯೆಂದು ಪೈಲಟ್‌ಗಳಿಗೆ ತೋರಿಸಬೇಕಾದ ಕಿತ್ತಳೆ ಬಣ್ಣದ ಉದ್ದನೆಯ ಚೀಲ ಅಕ್ಕನ ಹಿತ್ತಲಲ್ಲಿ, ದುಪ್ಪಟಿಗಳ ನಡುವೆ ನೀರಿಳಿಸುತ್ತಾ ಜೋತುಬಿದ್ದಿತ್ತು.

"ಅಯ್ಯೋ ಅಕ್ಕಾ, ಇದೇನ್ ಮಾಡ್ಬಿಟ್ರಿ!"

"ದೊಡ್ಡೋರು ಬರೋ ದಿನ ಅಷ್ಟು ಕೊಳಕು ಚೀಲ ನೇತುಹಾಕ್ತಾರೇನಪ್ಪಾ? ಹಗ್ಗದ ಗಂಟು ಬಿಚ್ಚೋಕಾಗ್ಲಿಲ್ಲ, ಕುಡುಗೋಲಲ್ಲಿ ಕೊಯ್ದುಬಿಟ್ಟೆ."

ದೊಡ್ಡವರು ಬರುವುದೇನೋ ನಿಜ. ಹೊರಗಿನ ಪೈಲಟ್‌ಗಳಿಗೆ ಇಲ್ಲಿ ಸುರಕ್ಷತೆ, ಸೌಜನ್ಯ ಎಷ್ಟರಮಟ್ಟಿಗಿದೆ ಎಂದು ನೋಡಲು ಇಲಾಖೆಯ ಮೇಡಂ ತಾವೇ ವಿಮಾನ ನಡೆಸಿಕೊಂಡು ಬರುವವರಿದ್ದರು. ಅವರು ಒಳ್ಳೆಯ ವರದಿ ಕೊಟ್ಟರೆ ಮೇಲ್ವಿಚಾರಕನಿಗೆ ಪಟ್ಟಣಕ್ಕೆ ವರ್ಗ. ಹೆಂಡತಿ ಅಲ್ಲಿ ಆಸ್ಪತ್ರೆಯ ನರ್ಸು, ಇವನು ಇಲ್ಲಿ. ಒಂಬತ್ತು ವರ್ಷಗಳಿಂದ ಅವರ ಸಂಸಾರವೆಂದರೆ ತಿಂಗಳಿಗೆ ಎರಡು ಭಾನುವಾರ. ಪಾಪ, ಮದುವೆಯಾದವನೆಂಬುದು ಅವನಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಒದ್ದೆ ಚೀಲ ಹಿಂಡುವಷ್ಟರಲ್ಲಿ ಆಕಾಶದಲ್ಲಿ ಗುರ್ರೆಂದಿತು. ಈ ಪಟ್ಟಿಯಲ್ಲಿ ರೇಡಿಯೋ ಇಲ್ಲ. ಬಂದವರು ಒಂದು ಸುತ್ತು ಹಾಕಿ, ಚೀಲ ನೋಡಿಕೊಂಡು ಇಳಿಯುವುದು ರೂಢಿ. ಅವನು ಓಡಿಬಂದು ನೋಡಿದರೆ ಪಟ್ಟಿಯ ನಟ್ಟನಡುವೆ ಎಂಟು ಜನ ಸಾಲಾಗಿ ನಿಂತು ಕೈಬೀಸುತ್ತಿದ್ದಾರೆ! ಮುಂದಾಳು ಹಾರಾಟ ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು. ಪಟ್ಟಿಯನ್ನು ಕ್ಲಬ್ಬಿನವರೂ ಬೆಳೆಗೆ ಔಷಧಿ ಸಿಂಪಡಿಸುವ ವಿಮಾನದವರೂ ಹಂಚಿಕೊಂಡಿದ್ದರು. ಉಸಾಬರಿಯಷ್ಟನ್ನು ಮೇಷ್ಟ್ರು ಯಾರಿಗೂ ಹಂಚಿರಲಿಲ್ಲ.

"ಮೇಷ್ಟ್ರೇ, ಪಕ್ಕಕ್ಕೆ ಬನ್ನಿ! ಅವರು ಇಳೀಬೇಕು!"

"ಬಂದೋರನ್ನ ಬಾಗಿಲಲ್ಲಿ ನಿಂತು ಕರೀಬೇಕಯ್ಯಾ. ಮೂಲೇಲಿ ನಿಂತು ಇಣುಕೋದು ಮರ್ಯಾದೆಯೇನು?"

ವಿಮಾನ ತಗ್ಗಿತು, ಜನರನ್ನು ಕಂಡು ಮತ್ತೆ ಮೇಲಕ್ಕೇರಿತು. ಮೇಷ್ಟ್ರ ಮುಖ ಅರಳಿತು. "ನೋಡಿದ್ಯಾ, ನಮಗೋಸ್ಕರ ಇನ್ನೊಂದು ಸುತ್ತು ಹಾಕ್ತಿದ್ದಾರೆ! ಇನ್ನೂ ಜೋರಾಗಿ ಬೀಸ್ರಪ್ಪಾ!"

ವಿಮಾನ ಮೂರನೆಯ ಸುತ್ತಿಗೆ ತಿರುಗಿದ್ದೇ ಮೇಲ್ವಿಚಾರಕ ಪಟ್ಟಿಗೆ ನುಗ್ಗಿದ. ಎಂಟೂ ಜನರನ್ನು ಕುರಿ ಅಟ್ಟಿದಂತೆ ಬೇಲಿಯಾಚೆ ಅಟ್ಟಿದ. "ಸೌಜನ್ಯ ಗೊತ್ತಿಲ್ಲದ ಮನುಷ್ಯ," ಎಂದು ಮೇಷ್ಟ್ರು ಗೊಣಗಿದರು. ಆದರೂ ವಿಮಾನ ಇಳಿಯಲಿಲ್ಲ. ಗಾಳಿಯ ದಿಕ್ಕು ತಿಳಿಯದೆ ಇಳಿಯುವುದು ಹೇಗೆ? ಒದ್ದೆ ಚೀಲ ಕಟ್ಟಿದರೆ ಅದು ಅಲುಗುವುದೂ ಇಲ್ಲ, ಕಟ್ಟೋಣವೆಂದರೆ ಹಗ್ಗವೂ ಇಲ್ಲ.

ಅವನು ಹಿಂದೆಮುಂದೆ ನೋಡಲಿಲ್ಲ. ಇಸ್ತ್ರಿ ಮಾಡಿದ ಹೊಸ ಅಂಗಿ ಬಿಚ್ಚಿ ಹಲ್ಲಲ್ಲಿ ಕಚ್ಚಿಕೊಂಡು ಕಂಬ ಹತ್ತಿದ. ಬರೀ ಬನಿಯನ್ನಿನಲ್ಲಿ, ಒಂದು ಕೈಯಲ್ಲಿ ಕಂಬವನ್ನೂ ಇನ್ನೊಂದರಲ್ಲಿ ಅಂಗಿಯ ತೋಳನ್ನೂ ಹಿಡಿದು ನೇತಾಡಿದ. ಅಂಗಿ ಪಟಪಟನೆ ಹಾರಿತು. ಕೆಳಗಿಂದ ಅಕ್ಕ ಕೂಗಿದಳು: "ಅದನ್ನೂ ಕೊಡಪ್ಪಾ, ಹಾಗೇ ಒಗೆದುಬಿಡ್ತೀನಿ!"

ವಿಮಾನ ಸರಿಯಾದ ದಿಕ್ಕಿನಿಂದ ಬಂದು ಹೂವಿನಂತೆ ಇಳಿಯಿತು.

ಮೇಡಂ ನೇರ ಕಂಬದ ಬುಡಕ್ಕೇ ಬಂದರು. ತನ್ನ ಕತೆ ಮುಗಿಯಿತೆಂದುಕೊಂಡು ಅವನು ಜಾರಿ ಇಳಿದ. ಅವರು ಅವನ ಎರಡೂ ಕೈ ಹಿಡಿದುಕೊಂಡರು.

"ಇಪ್ಪತ್ತು ವರ್ಷದಿಂದ ಹಾರಿಸ್ತಿದ್ದೀನಿ. ಇಷ್ಟು ಕಾಳಜಿ ಎಲ್ಲೂ ನೋಡಿಲ್ಲ ಕಣ್ರೀ!" ಎಂದವರೇ ಅಲ್ಲೇ ನಿಂತು ವರದಿ ಬರೆದು, ಸಹಿ ಹಾಕಿ, ಎಲ್ಲರಿಗೂ ಕೇಳುವಂತೆ ಓದಿದರು. ಹೊಗಳಿಕೆ ಒಂದು ಪುಟ ತುಂಬಿತ್ತು. ಕೊನೆಯ ಸಾಲು ಹೀಗಿತ್ತು: 'ಇಲ್ಲಿಯ ಜನರ ಸೌಜನ್ಯದಿಂದ ಪೈಲಟ್‌ಗಳನ್ನು ಕಾಪಾಡಬಲ್ಲವರು ಇವರೊಬ್ಬರೇ. ಆದ್ದರಿಂದ ನಿವೃತ್ತಿಯಾಗುವವರೆಗೆ ಇವರನ್ನು ಈ ಪಟ್ಟಿಯಿಂದ ವರ್ಗಾಯಿಸತಕ್ಕದ್ದಲ್ಲ.'

ಬೇಲಿಯಾಚೆಯಿಂದ ಚಪ್ಪಾಳೆ ಕೇಳಿಸಿತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು, ಹೆಂಡತಿ.

"ಏನಾಯ್ತು ರೀ? ಮೇಡಂ ಒಳ್ಳೇದು ಬರೆದ್ರಾ?"

"ಬರೆದ್ರು ಕಣೇ," ಎಂದ ಅವನು, ಬನಿಯನ್ನಿನಲ್ಲೇ ನೆಲಕ್ಕೆ ಕುಸಿದು. "ತುಂಬಾ ಒಳ್ಳೇದು ಬರೆದುಬಿಟ್ರು."