ಗೀಚಪ್ಪನ ಸಭಾಭವನ

ಪಕ್ಕದ ಮನೆ ದೊಡ್ಡಮ್ಮ ತಾವು ಸೋಫಾದ ಮೇಲೆ ಕೂತೆವೆಂದುಕೊಂಡರು. ನಿಜಕ್ಕೂ ಅವರು ಕೂತದ್ದು ಸಭಾಭವನದ ಮೇಲೆ.

ರಟ್ಟಿನ ಸಭಾಭವನ. ಗೀಚಪ್ಪ ವಾರವಿಡೀ ಕತ್ತರಿಸಿ, ಅಂಟಿಸಿ, ಊದಿ ಊದಿ ಒಣಗಿಸಿ, ಆಗ ತಾನೇ ಸೋಫಾದ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದ. ಪಟಪಟ ಸದ್ದು ಕೇಳಿ ಟವೆಲ್ ಸುತ್ತಿಕೊಂಡೇ ಓಡಿ ಬಂದ. ದೊಡ್ಡಮ್ಮ ಎದ್ದರು. ಚಾವಣಿಯೂ ಅವರ ಜೊತೆಗೇ ಎದ್ದು ಬಂತು.

"ನಿನ್ನ ಸೋಫಾ ಗಟ್ಟಿ ಇಲ್ಲ ಕಣೋ."

"ಸೋಫಾ ಅಲ್ಲ ದೊಡ್ಡಮ್ಮ, ನಮ್ಮ ಕಾಲೊನಿಯ ಸಭಾಭವನ!"

"ಒಬ್ಬಳು ಕೂತರೆ ಮುರಿಯೋ ಸಭಾಭವನದಲ್ಲಿ ಊರೆಲ್ಲ ಹೇಗೋ ಕೂರೋದು?"

ಗೀಚಪ್ಪನ ನಿಜವಾದ ಹೆಸರು ಕಾಲೊನಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವನು ಆರ್ಕಿಟೆಕ್ಟ್. ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ತಾನೇನು ಯೋಚಿಸುತ್ತಿದ್ದೇನೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಕರೆಂಟ್ ಬಿಲ್ಲು, ಮಾತ್ರೆಯ ಪೊಟ್ಟಣ, ಮದುವೆಯ ಕಾಗದ, ಯಾವುದು ಸಿಕ್ಕರೂ ಅದರ ಬೆನ್ನ ಮೇಲೆ ಒಂದು ಮೆಟ್ಟಿಲು, ಎರಡು ಕಿಟಕಿ. ಸಾರಿಗೆ ಉಪ್ಪು ಸರಿ ಇದೆಯಾ ಎಂದು ಹೆಂಡತಿ ಕೇಳಿದರೂ ಮೊದಲು ಜೇಬಿನಲ್ಲಿ ಪೆನ್ಸಿಲ್ ತಡಕುತ್ತಿದ್ದ. "ಬೇರೆಯವರು ಯೋಚಿಸಿ ಬರೀತಾರೆ. ನಾನು ಬರೆದು ಯೋಚಿಸ್ತೀನಿ," ಎಂದು ಅವನು ಹೇಳುವಾಗ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

ಆದರೆ ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರ ಆಫೀಸಿನಲ್ಲಿ, ಬೇರೆಯವರ ಹೆಸರಿನಲ್ಲಿ. ಒಬ್ಬರ ಕಟ್ಟಡಕ್ಕೆ ಬಚ್ಚಲು, ಇನ್ನೊಬ್ಬರದಕ್ಕೆ ಲಿಫ್ಟಿನ ಗುಂಡಿ. ಪೂರ್ತಿ ತನ್ನದೇ ಅನ್ನುವಂಥದ್ದು ಎದ್ದು ನಿಲ್ಲುವುದಿದ್ದರೆ ಅದು ಈ ಸಭಾಭವನ ಒಂದೇ. ಅದರ ತೀರ್ಮಾನ ಇವತ್ತು ಸಂಜೆಯೇ.

ಕಾಲೊನಿ ಸಂಘದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಹೋದ ಸಭೆಯಲ್ಲಿ ಗೀಚಪ್ಪ ನಕ್ಷೆ ಹರಡಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಅಲ್ಲಪ್ಪಾ, ಪ್ರತಿ ಬಾಗಿಲಿಗೂ ಒಂದೊಂದು ಕಲ್ಲಂಗಡಿ ಹೋಳು ಯಾಕಿಟ್ಟಿದ್ದೀಯಾ?" ಎಂದಿದ್ದರು.

"ಅದು ಬಾಗಿಲು ತೆರೆದುಕೊಳ್ಳೋ ದಾರಿ ಸಾರ್."

"ನನಗೆ ಕಲ್ಲಂಗಡಿಯೇ ಕಾಣ್ತಿದೆ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತಾ. ಕಾಣದ್ದಕ್ಕೆ ನಾನು ಯಾವತ್ತೂ ತೀರ್ಪು ಕೊಟ್ಟವನಲ್ಲ."

ಕಾಣಲಿ ಎಂದೇ ಈ ರಟ್ಟಿನ ಮಾದರಿ. ಈಗ ಅದು ಅಪ್ಪಚ್ಚಿ.

"ಇನ್ನೊಂದು ಮಾಡೋಕಾಗಲ್ವೇನ್ರೀ?" ಎಂದಳು ಹೆಂಡತಿ.

"ಸಂಜೆಯೊಳಗಾ? ಆಗಲ್ಲ ಕಣೇ." ಗೀಚಪ್ಪ ಚಪ್ಪಟೆಯಾದ ಗೋಡೆಯನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡಿದ. ಸಭಾಭವನ ಬರಬೇಕಾಗಿದ್ದ ಜಾಗ, ಕಾಲೊನಿಯ ನಡುವಿನ ಸಿಮೆಂಟಿನ ಅಂಗಳ, ಖಾಲಿಯಾಗಿ ಬಿದ್ದಿತ್ತು. ಅವನ ಬೆರಳು ತಾನಾಗಿ ಗಾಳಿಯಲ್ಲಿ ಗೆರೆ ಎಳೆಯತೊಡಗಿತು. "ಚಿಕ್ಕದು ಮಾಡೋಕೆ ಹೊತ್ತು ಬೇಕು. ದೊಡ್ಡದಾದರೆ ಈಗಲೇ ಆಗುತ್ತೆ!"

ಅರ್ಧ ಗಂಟೆಯಲ್ಲಿ ಅವನು ಒಂದು ಡಬ್ಬಿ ಸೀಮೆಸುಣ್ಣ, ಅಳತೆ ಟೇಪಿನೊಂದಿಗೆ ಅಂಗಳದಲ್ಲಿ ಮಂಡಿಯೂರಿದ್ದ. ನಕ್ಷೆಯಲ್ಲಿದ್ದ ಭವನವನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬರೆಯುವುದು. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಬಿಟ್ಟ ಜಾಗ, ಮುಂದೆ ವೇದಿಕೆ.

ತಪ್ಪು ಮುಚ್ಚಿಕೊಳ್ಳಲು ದೊಡ್ಡಮ್ಮ ಕಾಲೊನಿಯನ್ನೇ ಎಬ್ಬಿಸಿಕೊಂಡು ಬಂದರು. ಸಹಾಯಕ್ಕೆ ಅಂತ ಬಂದವರ ಬಾಯಿ ಸುಮ್ಮನಿರುತ್ತದೆಯೇ?

"ಇಲ್ಲಿ ಕಂಬ ಬರುತ್ತೆ. ಯಾರಾದ್ರೂ ನಿಂತ್ಕೊಳ್ಳಿ," ಎಂದ ಗೀಚಪ್ಪ. ಮೂಲೆ ಮನೆಯ ಟೈಲರ್ ನಿಂತ. ಸ್ವಲ್ಪ ಹೊತ್ತಿಗೇ ಕಂಬ ನೆರಳು ಹುಡುಕಿಕೊಂಡು ನಾಲ್ಕು ಹೆಜ್ಜೆ ಸರಿಯಿತು.

"ಕಂಬ ನಡೆಯಬಾರದು ಕಣಯ್ಯಾ!"

"ಬಿಸಿಲಲ್ಲಿ ನಿಂತು ನೋಡಿ ಸಾರ್, ಆಮೇಲೆ ಹೇಳಿ."

ಅಷ್ಟರಲ್ಲಿ ಡ್ರೈವಿಂಗ್ ಕಲಿಸುವ ಮೇಷ್ಟ್ರು ಕಾರು ತಂದರು. ಗೆರೆ ದಾಟಬೇಕು ಅನ್ನುವಷ್ಟರಲ್ಲಿ ಎಲ್ಲರೂ ಒಟ್ಟಿಗೆ, "ಗೋಡೆ! ಗೋಡೆ!" ಎಂದು ಕಿರುಚಿದರು. ಮೇಷ್ಟ್ರು ಗಕ್ಕನೆ ಬ್ರೇಕ್ ಒತ್ತಿ, ಇಳಿದು, ಇಲ್ಲದ ಗೋಡೆಗೆ ಏಟಾಗಿದೆಯೇ ಎಂದು ಬಗ್ಗಿ ನೋಡಿ, "ಕ್ಷಮಿಸಿ, ಗಮನಿಸಲಿಲ್ಲ," ಎಂದು ಹಿಂದಕ್ಕೆ ಹೋದರು. ಗೀಚಪ್ಪನಿಗೆ ರೋಮಾಂಚನವಾಯಿತು. ತನ್ನ ಗೆರೆಯೊಂದು ಕಾರು ನಿಲ್ಲಿಸಿದ್ದು ಅವನ ಜೀವಮಾನದಲ್ಲಿ ಇದೇ ಮೊದಲು.

ಮಧ್ಯಾಹ್ನ ಕಳೆದಾಗ ದೊಡ್ಡಮ್ಮ ಕುರ್ಚಿ ತಂದು ವೇದಿಕೆಗೆ ಎದುರಾಗಿ ಕೂತರು. ಕೂತವರು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಭಾಷಣ ಮಾಡೋನ ಮುಖವೇ ಕಾಣಲ್ಲ ಕಣೋ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ."

ಗೀಚಪ್ಪ ಹೋಗಿ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ. ನಿಜ! ಕಾಗದದ ಮೇಲೆ ನೂರು ಸಲ ನೋಡಿದ್ದ. ಕಾಗದಕ್ಕೆ ಬಿಸಿಲು ಎಲ್ಲಿಂದ ಬರಬೇಕು? ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಗೀಚಪ್ಪನ ಮುಖ ಊರಗಲವಾಯಿತು. ಒದ್ದೆ ಬಟ್ಟೆ ತಂದು ವೇದಿಕೆಯನ್ನೇ ಒರೆಸಿ ಇನ್ನೊಂದು ಬದಿಗೆ ಎಳೆದ. ಅದರ ಹಿಂದೆಯೇ ಬಾಗಿಲು ಸರಿಯಿತು, ಕಿಟಕಿಗಳು ಮರದ ಕಡೆ ತಿರುಗಿದವು, ಕಂಬ ತಾನು ಸರಿದು ನಿಂತ ಜಾಗದಲ್ಲೇ ಉಳಿಯಿತು. ಒಂದು ಗೆರೆ ಇನ್ನೊಂದನ್ನು ಕೈಹಿಡಿದು ಕರೆತರುತ್ತಿತ್ತು. ತಲೆಯಲ್ಲಿ ಹೊಳೆಯದ್ದು ಕಾಲಡಿಯಲ್ಲಿ ಹೊಳೆಯುತ್ತಿತ್ತು. ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಎದ್ದು ನಿಂತಾಗ ಅವನು ಹಿಟ್ಟಿನ ಗಿರಣಿಯಿಂದ ಹೊರಬಿದ್ದ ಮಹಾರಾಜನಂತಿದ್ದ.

"ಚೆನ್ನಾಗಿದೆ ರೀ," ಎಂದಳು ಹೆಂಡತಿ. ಮೆಲ್ಲಗೆ ಹೇಳಿದಳು. ಅವಳು ಹಾಗೆ ಹೇಳುವುದು ಅಪರೂಪ.

ಸಂಜೆ ಅಧ್ಯಕ್ಷರು ಸಮಿತಿಯವರೊಂದಿಗೆ ಬಂದರು. ಬಾಗಿಲಿನ ಗೆರೆಯ ಮುಂದೆ ನಿಂತು ಚಪ್ಪಲಿ ಬಿಟ್ಟರು. ಸಮಿತಿಯೂ ಬಿಟ್ಟಿತು. ಒಳಗೆ ಬಂದು ಕಿಟಕಿಯ ಬಳಿ ನಿಂತರು, ಸಾಲಿನಲ್ಲಿ ಕೂತರು, ಎದ್ದು ವೇದಿಕೆ ಹತ್ತಿದರು. ಹತ್ತುವಾಗ ಸಮತಟ್ಟು ನೆಲದ ಮೇಲೆ ಕಾಲನ್ನು ಮೆಟ್ಟಿಲಿನಷ್ಟು ಎತ್ತಿಯೇ ಇಟ್ಟರು.

"ಕಾಣ್ತಿದೆಯಾ ಸಾರ್?" ಗೀಚಪ್ಪ ಕೇಳಿದ.

"ಕಾಣ್ತಿದೆ ಕಣಪ್ಪಾ! ಇಡೀ ಭವನ ಕಾಣ್ತಿದೆ!"

ಅಂಗಳ ತುಂಬಿತ್ತು. ವರ್ಷಗಳಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಮನೆಗಳವರು ಕುರ್ಚಿ ತಂದು ಅಕ್ಕಪಕ್ಕ ಕೂತಿದ್ದರು. ಮರದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ನನ್ನ ಅನುಭವದಲ್ಲಿ ಇಂಥ ಸ್ಪಷ್ಟ ಸಾಕ್ಷಿ ಕಂಡಿಲ್ಲ. ಈ ಮನುಷ್ಯ ನಮ್ಮ ಕಾಲೊನಿಯ ಹೆಮ್ಮೆ!"

ಚಪ್ಪಾಳೆ ಬಿತ್ತು. ಗೀಚಪ್ಪನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸಿತು.

"ಜಾಗ ಒಪ್ಪಿಗೆ. ಬಾಗಿಲು, ವೇದಿಕೆ, ಕೂರುವ ಕ್ರಮ, ಎಲ್ಲ ಒಪ್ಪಿಗೆ. ಇಷ್ಟು ಚೆನ್ನಾಗಿ ಎಲ್ಲರೂ ಕೂತಿದ್ದೀರಿ, ಗಾಳಿ ಬರ್ತಿದೆ, ಮರ ಕಾಣ್ತಿದೆ." ಅಧ್ಯಕ್ಷರು ಸುತ್ತ ನೋಡಿದರು. "ಇದಕ್ಕೆ ಗೋಡೆ ಕಟ್ಟಿ ಯಾಕೆ ಹಾಳು ಮಾಡಬೇಕು? ಸಭಾಭವನ ಆಗಿದೆ. ಇನ್ನು ಕಟ್ಟುವ ಅಗತ್ಯವಿಲ್ಲ ಎಂದು ತೀರ್ಪು ಕೊಡ್ತಿದ್ದೇನೆ."

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ಗೀಚಪ್ಪನೂ ಎರಡು ಸಲ ತಟ್ಟಿಬಿಟ್ಟ.

"ಆದರೆ ಸಾರ್, ಕಟ್ಟಡ..."

"ನೀನು ಬರೆದ ಮೇಲೆ ಕಟ್ಟಡ ಯಾಕಪ್ಪಾ?" ಅಧ್ಯಕ್ಷರು ಅವನ ಬೆನ್ನು ತಟ್ಟಿದರು. ಬಿಳಿ ಧೂಳೆದ್ದಿತು. "ಸುಣ್ಣ ಅಳಿಸಿಹೋಗುತ್ತೆ, ಪೇಂಟ್ ಮಾಡಿಸಿಬಿಡೋಣ."

ಕೈಬೀಸಿ ಕರೆದದ್ದೇ ತಡ, ಗುಂಪಿನಲ್ಲಿದ್ದ ಪೇಂಟರ್ ಡಬ್ಬಿ, ಬ್ರಷ್ ಹಿಡಿದು ಬಂದ. ಕೂಲಿ ಅಲ್ಲೇ ಮಾತಾಯಿತು. ಅವನು ಬಗ್ಗಿ, ಬಾಗಿಲ ಪಕ್ಕದಿಂದ ಹಸುವಿನ ಬಾಲದಂತೆ ಓಲಾಡುವ ಒಂದು ಗೆರೆ ಎಳೆದ.

ಗೀಚಪ್ಪ ನೋಡಿದ. ತಡೆದುಕೊಂಡ. ಇನ್ನೊಂದು ಮೊಳ ಓಲಾಡಿತು.

"ಏಯ್, ಬಿಡಯ್ಯಾ! ಅದು ನನ್ನ ಗೋಡೆ!" ಎಂದು ಬ್ರಷ್ ಕಿತ್ತುಕೊಂಡು ಮಂಡಿಯೂರಿದ.

ಪೇಂಟರ್ ಕುರ್ಚಿಯೊಂದನ್ನು ಎಳೆದು ಮರದ ಗಾಳಿಗೆ ಕಾಲು ಚಾಚಿದ. ಗೀಚಪ್ಪ ಮೂಗು ನೆಲಕ್ಕೆ ತಾಗುವಂತೆ ಬಗ್ಗಿ, ನಾಲಗೆ ತುದಿ ಕಚ್ಚಿಕೊಂಡು, ಕೂದಲೆಳೆಯಷ್ಟೂ ಅಲುಗದ ಗೆರೆಯನ್ನು ಎಳೆಯುತ್ತ ಎಳೆಯುತ್ತ ಅಂಗಳದ ಆ ತುದಿಗೆ ಹೊರಟ.

"ನೋಡಿ ಸಾರ್," ಎಂದ ಪೇಂಟರ್ ಪಕ್ಕದಲ್ಲಿದ್ದ ಅಧ್ಯಕ್ಷರಿಗೆ, "ಎಷ್ಟು ನೀಟಾಗಿ ಮಾಡ್ತಾರೆ. ಕಂಪೌಂಡಿಗೂ ಇವರನ್ನೇ ಬಿಡಿ. ಕೂಲಿ ಎಂದಿನಂತೆ ನನಗೇ ಕೊಟ್ಟರಾಯ್ತು."